ಎಂಜಿನ್ ಕೂತರೆ ಸಾಲದು, ತೂಕ ಕೂಡಬೇಕು

ಹಳೇ ಪಿಕಪ್‌ಗೆ ಗುಜರಿ ಎಂಜಿನ್ ಕೂಡಿಸೋದು, ಕೀ ತಿರುಗಿಸೋದು, ಸ್ಟಾರ್ಟ್ ಆದ ಕೂಡಲೇ "ಕೆಲಸ ಮುಗೀತ್ರಿ, ತಗೊಂಡ್ ಹೋಗ್ರಿ" ಅನ್ನೋದು. ನಮ್ಮ ಕಡೆ ನಡೆದಿರುವ ಈ ಪದ್ಧತಿ ನಿಲ್ಲಬೇಕು. ಸ್ಟಾರ್ಟ್ ಆಗುವುದು ಅರ್ಧ ಕೆಲಸ. ಬ್ಯಾಲನ್ಸ್ ನೋಡುವುದು ಉಳಿದರ್ಧ. ಆ ಉಳಿದರ್ಧವನ್ನು ಯಾರೂ ಮಾಡುವುದಿಲ್ಲ, ಯಾಕೆಂದರೆ ನಾವು ಕೇಳುವುದಿಲ್ಲ, ಕೇಳಿದರೂ ಅದಕ್ಕೆ ದುಡ್ಡು ಕೊಡುವುದಿಲ್ಲ.

ಕೊರ್ಲಹಳ್ಳಿ ಮುಂಡರಗಿ ತಾಲ್ಲೂಕಿನ ಹೊಳೆದಂಡಿ ಊರು. ತುಂಗಭದ್ರಾ ಸೇತುವೆ ದಾಟಿದರೆ ಹೂವಿನಹಡಗಲಿ ತಾಲ್ಲೂಕು. ಈ ದಾರಿಯಲ್ಲಿ ಗದಗ, ಹುಬ್ಬಳ್ಳಿ ಮಾರ್ಕೆಟ್‌ಗೆ ಉಳ್ಳಾಗಡ್ಡಿ, ಮೆಕ್ಕೆಜೋಳ, ಮೆಣಸಿನಕಾಯಿ ಹೊತ್ತು ಓಡುವ ಗಾಡಿಗಳಲ್ಲಿ ಹಳೇ ಪಿಕಪ್‌ಗಳೂ ಇವೆ. ಸುಗ್ಗಿ ಬಂದರೆ ಮೆಣಸಿನಕಾಯಿ ಬಿಡಿಸಲು ಹೋಗುವ ಹೆಣ್ಣುಮಕ್ಕಳೂ ಅದರಲ್ಲೇ. ಮಾಲು ಸಾಗಿಸುವ ಗಾಡಿಯಲ್ಲಿ ಜನರನ್ನು ತುಂಬಬಾರದು ಅನ್ನುವುದು ಕಾನೂನು. ತುಂಬುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತು. ಅದಕ್ಕೇ ಇದು ಬರೀ ಗ್ಯಾರೇಜಿನ ಮಾತಲ್ಲ.

ಬ್ಯಾಲನ್ಸ್ ಅಂದರೆ ಏನು?

ಮನೆಯ ಫ್ಯಾನಿನ ಒಂದು ರೆಕ್ಕೆ ಸೊಟ್ಟಾದರೆ ಇಡೀ ಫ್ಯಾನ್ ಅಲುಗಾಡುತ್ತದೆ. ತಿರುಗುವ ವಸ್ತುವಿನ ತೂಕ ಒಂದು ಕಡೆ ಹೆಚ್ಚಾದರೆ ಅದು ತನ್ನ ನಡುವನ್ನು ಬಿಟ್ಟು ಹೊರಗೆ ಎಳೆಯುತ್ತದೆ. ಫ್ಯಾನ್ ಸೆಕೆಂಡಿಗೆ ಐದಾರು ಸುತ್ತು ತಿರುಗಿದರೆ, 3000 ಆರ್‌ಪಿಎಂನಲ್ಲಿ ಎಂಜಿನ್ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ.

ಲೆಕ್ಕ ನೋಡಿ. ಹತ್ತು ರೂಪಾಯಿ ನಾಣ್ಯದ ತೂಕ ಸುಮಾರು 7.7 ಗ್ರಾಂ. ಫ್ಲೈವೀಲ್‌ನ ನಡುವಿನಿಂದ 15 ಸೆಂಟಿಮೀಟರ್ ದೂರದಲ್ಲಿ ಅಷ್ಟೇ ತೂಕ ಒಂದು ಕಡೆ ಹೆಚ್ಚಿದ್ದರೂ, 3000 ಆರ್‌ಪಿಎಂನಲ್ಲಿ ಅದು ಸುಮಾರು 11-12 ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತದೆ. 12 ಕಿಲೋ ತೂಕದ ಫ್ಲೈವೀಲ್ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಕೂತಿದ್ದರೆ? ಸುಮಾರು 60 ಕಿಲೋ. ಒಬ್ಬ ಮನುಷ್ಯನ ತೂಕ, ಸೆಕೆಂಡಿಗೆ 50 ಸಲ ಸುತ್ತು ಹಾಕಿ ಕ್ರ್ಯಾಂಕ್ ಬೇರಿಂಗನ್ನು ಎಳೆದಾಡಿದ ಹಾಗೆ.

"ಟ್ರ್ಯಾಕ್ಟರೂ ನಡಗ್ತೈತಲ್ರಿ, ಅದಕ್ಕೇನ್ ಆಗೇತಿ?" ಅಂತ ಕೇಳುವವರು ಇದ್ದಾರೆ. ಟ್ರ್ಯಾಕ್ಟರ್ ಎಂಜಿನ್ ಸಾಮಾನ್ಯವಾಗಿ 2000 ಆರ್‌ಪಿಎಂ ಆಸುಪಾಸಿನಲ್ಲಿ ದುಡಿಯುತ್ತದೆ. ಅದರ ಮೈಯೇ ದಪ್ಪ ಬೀಡಿನದು, ಆ ನಡುಕಕ್ಕೆ ತಕ್ಕಂತೆ ಕಟ್ಟಿದ್ದು. ಪಿಕಪ್ ಎಂಜಿನ್ 3000 ದಾಟುತ್ತದೆ, ಕೂತಿರುವುದು ರಬ್ಬರ್ ಮೇಲೆ.

ಎಲ್ಲಿ ಕೆಡುತ್ತದೆ?

ಕಂಪನಿಯಿಂದ ಬಂದ ಎಂಜಿನ್‌ನಲ್ಲಿ ತಿರುಗುವ ಭಾಗಗಳನ್ನು ತೂಗಿ, ತಿರುಗಿಸಿ ನೋಡಿಯೇ ಜೋಡಿಸಿರುತ್ತಾರೆ. ನಾವು ಬದಲಿಸುವಾಗ ಅದನ್ನು ನಾಲ್ಕು ಕಡೆ ಕೆಡಿಸುತ್ತೇವೆ.

ಮೊದಲನೆಯದು ಫ್ಲೈವೀಲ್ ಮತ್ತು ಪ್ರೆಶರ್ ಪ್ಲೇಟ್. ಬಂದ ಎಂಜಿನ್ ಬೇರೆ, ಗಾಡಿಯ ಗೇರ್‌ಬಾಕ್ಸ್ ಬೇರೆ. ಎರಡೂ ಕೂಡಬೇಕೆಂದು ಹಳೇ ಫ್ಲೈವೀಲನ್ನೇ ಹೊಸ ಎಂಜಿನ್‌ಗೆ ಹಾಕುತ್ತಾರೆ. ತೂತು ಕೂಡದಿದ್ದರೆ ಲೇಥ್‌ಗೆ ಒಯ್ದು ಹೊಸ ತೂತು ಹೊಡೆಸುತ್ತಾರೆ. ನಡುವಿನ ತೂತು ಸಡಿಲವಾದರೆ ಬೋಲ್ಟ್ ಬಿಗಿದು ಸುಮ್ಮನಾಗುತ್ತಾರೆ. ಮೇಲೆ ಹೇಳಿದ ಅರ್ಧ ಮಿಲಿಮೀಟರ್ ಬರುವುದು ಇಲ್ಲಿಂದಲೇ.

ಇನ್ನೊಂದು ಅಪಾಯವೂ ಇದೆ. ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕಿನ ಸಮತೋಲಕ್ಕೆ ಬೇಕಾದ ತೂಕವನ್ನು ಫ್ಲೈವೀಲ್‌ನಲ್ಲೇ ಬಿಟ್ಟಿರುತ್ತಾರೆ. ಅಮೆರಿಕದ ಹಳೇ ಪಿಕಪ್‌ಗಳಲ್ಲಿ ಇದು ಹೆಸರಾದ ಸಮಸ್ಯೆ. ಶೆವ್ರೊಲೆ ಕಂಪನಿಯ 350 ಮತ್ತು 400 ಎಂಜಿನ್‌ಗಳು ಹೊರಗಿನಿಂದ ಅಣ್ಣತಮ್ಮರಂತೆ ಕಾಣುತ್ತವೆ. ಆದರೆ ಹಳೇ 350ಕ್ಕೆ ಸಮತೋಲ ಒಳಗೇ ಇದೆ, 400ಕ್ಕೆ ಹೊರಗಿನ ಫ್ಲೈವೀಲ್ ಮತ್ತು ಮುಂದಿನ ಡ್ಯಾಂಪರ್‌ನಲ್ಲಿದೆ. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಬೋಲ್ಟ್ ಕೂಡುತ್ತದೆ, ಎಂಜಿನ್ ನಡುಗುತ್ತದೆ. ಕೂಡಿದ್ದೆಲ್ಲ ಹೊಂದಿದ್ದಲ್ಲ.

ಎರಡನೆಯದು ಮುಂದಿನ ಪುಲ್ಲಿ. ಫ್ಯಾನ್ ಬೆಲ್ಟ್ ಸಾಲಿಗೆ ಬರಲಿಲ್ಲವೆಂದು ಬೇರೆ ಪುಲ್ಲಿ ಹಾಕುತ್ತಾರೆ. ಕೆಲವು ಎಂಜಿನ್‌ಗಳಲ್ಲಿ ಆ ಪುಲ್ಲಿಯೊಳಗೆ ರಬ್ಬರ್ ಇರುತ್ತದೆ. ಅದು ಕ್ರ್ಯಾಂಕ್ ತಿರುಚಿ ಬಿಡುವ ಪೆಟ್ಟನ್ನು ತಿನ್ನಲು ಇಟ್ಟದ್ದು. ಅದನ್ನು ತೆಗೆದು ಬರೀ ಕಬ್ಬಿಣದ ಪುಲ್ಲಿ ಹಾಕಿದರೆ ಆ ಪೆಟ್ಟನ್ನೆಲ್ಲ ಕ್ರ್ಯಾಂಕೇ ತಿನ್ನಬೇಕು. ಇವತ್ತೇ ಮುರಿಯುವುದಿಲ್ಲ. ಒಂದು ದಿನ ಮುರಿಯುತ್ತದೆ.

ಮೂರನೆಯದು ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್. ಗುಜರಿ ಎಂಜಿನ್ ಬಿಚ್ಚಿದಾಗ ಒಂದು ಪಿಸ್ಟನ್ ಹೋಗಿರುತ್ತದೆ. ಒಂದೇ ತರುತ್ತಾರೆ, ಅದೂ ಬೇರೆ ಕಂಪನಿಯದು. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಎರಡು ಪಿಸ್ಟನ್ ಮೇಲೆ ಹೋದಾಗ ಎರಡು ಕೆಳಗೆ ಬರುತ್ತವೆ. ಒಂದರ ಎಳೆತವನ್ನು ಇನ್ನೊಂದು ಕಡಿಯುತ್ತದೆ. ನಾಲ್ಕೂ ಒಂದೇ ತೂಕ ಇದ್ದರೆ ಮಾತ್ರ ಈ ಲೆಕ್ಕ ಸರಿಹೋಗುತ್ತದೆ. ಬಂಗಾರದ ಅಂಗಡಿಯ ತಕ್ಕಡಿಯೇ ಬೇಕಿಲ್ಲ, ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು. ಆದರೆ ತೂಗುವವರು ಯಾರು?

ನಾಲ್ಕನೆಯದು ಮೌಂಟಿಂಗ್. ಎಲ್ಲ ಸರಿ ಇದ್ದರೂ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಸುತ್ತಿಗೆ ಎರಡು ಸಲದ ಸಣ್ಣ ನಡುಕ ಉಳಿದೇ ಉಳಿಯುತ್ತದೆ. ಮೂರು ಸಿಲಿಂಡರಿನದು ಹಿಂದೆ ಮುಂದೆ ತೂಗಾಡುತ್ತದೆ. ಅದನ್ನು ನುಂಗಲೆಂದೇ ಕಂಪನಿ ಆಯಾ ಎಂಜಿನ್‌ಗೆ ತಕ್ಕ ಮೌಂಟಿಂಗ್ ರಬ್ಬರ್ ಕೊಟ್ಟಿರುತ್ತದೆ. ನಾವು ಪಟ್ಟಿ ವೆಲ್ಡ್ ಮಾಡಿ, ಹಳೇ ಟೈರ್ ತುಂಡು ಕೊಟ್ಟು ಕೂಡಿಸುತ್ತೇವೆ. ಎಂಜಿನ್ ಒಂದಿಷ್ಟು ಓರೆಯಾಗಿ ಕೂತರೆ ಪ್ರೊಪೆಲರ್ ಶಾಫ್ಟಿನ ಕೋನ ತಪ್ಪುತ್ತದೆ, ಕ್ರಾಸ್ ಮೇಲಿಂದ ಮೇಲೆ ಹೋಗುತ್ತದೆ.

ನಡುಕ ಬ್ರೇಕಿಗೂ ಬರುತ್ತದೆ

"ಗೇರ್ ಲಿವರ್ ಹಿಡದ್ರ ಕೈ ಜುಮ್ ಅಂತೈತ್ರಿ, ಅಷ್ಟ" ಅಂತ ಡ್ರೈವರ್‌ಗಳು ನಗುತ್ತಾರೆ. ಅಷ್ಟೇ ಅಲ್ಲ. ನಡುಗುವ ಎಂಜಿನ್ ಬೋಲ್ಟ್ ಸಡಿಲಿಸುತ್ತದೆ. ಡೀಸೆಲ್ ಪೈಪ್ ಸೀಳುತ್ತದೆ. ಆಯಿಲ್ ಸೀಲ್ ಕೆಡಿಸಿ ಕ್ಲಚ್ ಪ್ಲೇಟ್‌ಗೆ ಎಣ್ಣೆ ಕುಡಿಸುತ್ತದೆ.

ಇದಕ್ಕಿಂತ ದೊಡ್ಡದು ಬ್ರೇಕ್. ನಮ್ಮ ಎಷ್ಟೋ ಡೀಸೆಲ್ ಜೀಪ್, ಪಿಕಪ್‌ಗಳಲ್ಲಿ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪ್ ಇರುವುದು ಆಲ್ಟರ್ನೇಟರ್ ಹಿಂದೆ. ನಡುಕಕ್ಕೆ ಆಲ್ಟರ್ನೇಟರಿನ ಬ್ರಾಕೆಟ್ ಸೀಳಿದರೆ, ಬೆಲ್ಟ್ ಹಾರಿದರೆ, ಪೈಪ್ ಕಳಚಿದರೆ ಪೆಡಲ್ ಕಲ್ಲಾಗುತ್ತದೆ. ಲೋಡ್ ಗಾಡಿ ಇಳಿಜಾರಿನಲ್ಲಿರುವಾಗ ಪೆಡಲ್ ಕಲ್ಲಾದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮರುದಿನ ಪೇಪರಿನಲ್ಲಿ "ಚಾಲಕನ ನಿಯಂತ್ರಣ ತಪ್ಪಿ ಪಲ್ಟಿ" ಅಂತ ಬರುತ್ತದೆ. ಆ ವಾಕ್ಯದಲ್ಲಿ ಡ್ರೈವರ್ ಒಬ್ಬನೇ ಆರೋಪಿ. ಫ್ಲೈವೀಲ್‌ನ ಹೆಸರು ಯಾವತ್ತೂ ಬರುವುದಿಲ್ಲ.

ಬಡವರ ಹೊಟ್ಟೆ ಮೇಲೆ ಹೊಡೆಯುವ ಮಾತಲ್ಲ

ಹೊಸ ಪಿಕಪ್ ಅಂದರೆ ಲಕ್ಷಗಟ್ಟಲೆ ಸಾಲ. ಹಳೇ ಗಾಡಿಗೆ ಎಂಜಿನ್ ಬದಲಿಸಿ ಮನೆ ನಡೆಸುವುದು ತಪ್ಪಲ್ಲ. ಮೆಕ್ಯಾನಿಕ್ಕೂ ಖಳನಾಯಕನಲ್ಲ. ಅವನಿಗೆ ನಾವು ಕೊಡುವುದು ಎಂಜಿನ್ ಇಳಿಸಿ ಏರಿಸುವ ಕೂಲಿ ಮಾತ್ರ. "ಬ್ಯಾಲನ್ಸಿಂಗ್ ಮಾಡಸೋಣ್ರಿ" ಅಂದರೆ "ಅದೆಲ್ಲ ಬ್ಯಾಡ ಬಿಡೋ, ಓಡಿದ್ರ ಸಾಕು" ಅನ್ನುವವರು ನಾವೇ. ಆದರೆ ಆ ಉಳಿತಾಯ ಉಳಿತಾಯವೇ ಅಲ್ಲ. ಸುಗ್ಗಿಯಲ್ಲಿ ಗಾಡಿ ನಾಲ್ಕು ದಿನ ನಿಂತರೆ ಹೋಗುವ ಬಾಡಿಗೆ ಲೆಕ್ಕ ಹಾಕಿ ನೋಡಿ. ಮೇಲೆ ಕ್ಲಚ್ ಪ್ಲೇಟ್, ಸೀಲ್, ಕ್ರಾಸ್ ಬೇರೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ಎಂಜಿನ್ ಬದಲಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಆರ್‌ಸಿ ಕೊಟ್ಟು, ಫೀ ಕಟ್ಟಿ ನಮೂದು ಮಾಡಿಸಬೇಕು. 2019ರ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ, ಕಾನೂನು ಒಪ್ಪದ ಬದಲಾವಣೆ ಮಾಡಿದ ಮಾಲೀಕನಿಗೆ 6 ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಆದ್ದರಿಂದ ಅದೇ ಕಂಪನಿಯ, ಅದೇ ಮಾದರಿಯ ಎಂಜಿನ್ ಹುಡುಕಿ. ಬಿಚ್ಚುವ ಮೊದಲೇ ಆರ್‌ಟಿಒದಲ್ಲಿ ಕೇಳಿ. ಇದರಿಂದ ಬ್ಯಾಲನ್ಸಿನ ತಲೆನೋವೂ ಅರ್ಧ ತಪ್ಪುತ್ತದೆ, ಫ್ಲೈವೀಲ್ ತೂತು ಹೊಡೆಸುವ ಗೋಜೇ ಬರುವುದಿಲ್ಲ.

ಗ್ಯಾರೇಜಿನಲ್ಲಿ ಇಷ್ಟು ಕೇಳಿ

• ಫ್ಲೈವೀಲ್ ಎಂಜಿನ್ ಜೊತೆ ಬಂದದ್ದೋ, ಹಳೇ ಗಾಡಿಯದ್ದೋ? ಬೇರೆಯದಾದರೆ ಅಥವಾ ಲೇಥ್ ಮುಟ್ಟಿದ್ದರೆ, ಪ್ರೆಶರ್ ಪ್ಲೇಟ್ ಸಮೇತ ಬ್ಯಾಲನ್ಸಿಂಗ್ ಮಷಿನ್‌ಗೆ ಹಾಕಿಸಿ. ಕ್ರ್ಯಾಂಕ್ ಗ್ರೈಂಡಿಂಗ್ ಮಾಡುವ ದೊಡ್ಡ ವರ್ಕ್‌ಶಾಪ್‌ಗಳಲ್ಲಿ ವಿಚಾರಿಸಿ.

• ಪಿಸ್ಟನ್, ರಾಡ್ ಬದಲಿಸಿದರೆ ನಿಮ್ಮ ಕಣ್ಣೆದುರು ತೂಗಿಸಿ, ತೂಕ ಬರೆಸಿಕೊಳ್ಳಿ.

• ಎಂಜಿನ್‌ನಲ್ಲಿ ಬ್ಯಾಲನ್ಸರ್ ಶಾಫ್ಟ್ ಇದ್ದರೆ ಗುರುತಿಗೆ ಗುರುತು ಕೂಡಿಸಿದ್ದಾರೋ ಕೇಳಿ. ಹಲ್ಲು ತಪ್ಪಿದರೆ ನಡುಕ ಕಡಿಮೆ ಮಾಡುವ ಶಾಫ್ಟೇ ನಡುಕ ಹೆಚ್ಚಿಸುತ್ತದೆ.

• ಮೌಂಟಿಂಗ್ ಹೊಸದು, ಆ ಎಂಜಿನ್‌ನದೇ ಇರಲಿ.

• ಗಾಡಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ನಿಧಾನಕ್ಕೆ ಆಕ್ಸಿಲರೇಟರ್ ಕೊಡಿ. ನಿಂತಲ್ಲೇ ನಡುಗಿದರೆ ಎಂಜಿನ್ ಕಡೆ ನೋಡಿ, ಮೊದಲು ನಾಜಲ್ ಪರೀಕ್ಷಿಸಿ. ಓಡುವಾಗ ಮಾತ್ರ ನಡುಗಿದರೆ ಪ್ರೊಪೆಲರ್ ಶಾಫ್ಟ್, ಕ್ರಾಸ್, ಚಕ್ರ ನೋಡಿ.

ಸರ್ಕಾರಕ್ಕೂ ಎರಡು ಮಾತು. 8 ವರ್ಷ ದಾಟಿದ ಸಾರಿಗೆ ಗಾಡಿಗೆ ವರ್ಷವರ್ಷ ಎಫ್‌ಸಿ ಬೇಕು. ಆಗ ಲೈಟು, ಪೇಂಟು, ರೇಡಿಯಂ ಜೊತೆಗೆ ಎಂಜಿನ್ ಮೌಂಟಿಂಗನ್ನೂ ಬಗ್ಗಿ ನೋಡಲಿ. ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ಕೋರ್ಸ್ ಇದೆ. ತಾಲ್ಲೂಕಿಗೊಂದು ಬ್ಯಾಲನ್ಸಿಂಗ್ ಮಷಿನ್ ಅಲ್ಲಿ ಇಟ್ಟು, ಹುಡುಗರಿಗೆ ಅದರ ಮೇಲೇ ಕಲಿಸಲಿ, ಊರಿನ ಗ್ಯಾರೇಜಿನವರಿಗೂ ಕಡಿಮೆ ದರದಲ್ಲಿ ಮಾಡಿಕೊಡಲಿ. ಸ್ವಂತ ಮಷಿನ್ ತರುವ ಶಕ್ತಿ ಸಣ್ಣ ಗ್ಯಾರೇಜಿಗೆ ಇಲ್ಲ.

ಅಲ್ಲಿಯವರೆಗೆ ಕೆಲಸ ನಮ್ಮದೇ. ಬ್ಯಾಲನ್ಸಿಂಗಿಗೆ ಬೇರೆ ದುಡ್ಡು ಕೊಡುತ್ತೇವೆ ಅಂತ ಮೊದಲೇ ಹೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅದು ಆಗುವವರೆಗೆ ಬಾಕಿ ಹಣ ಕೊಡಬೇಡಿ, ಆ ಗಾಡಿಯಲ್ಲಿ ಯಾರನ್ನೂ ಹತ್ತಿಸಬೇಡಿ.