ಬಾರ್ಡರ್ ಅಂದರೆ ನೆಮ್ಮದಿಯಲ್ಲ

'ಬಾರ್ಡರ್‌ನಲ್ಲಿದೆಯಂತೆ, ಮಾತ್ರೆ ಏನೂ ಬೇಡ ಅಂದ್ರು.' ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲಿ ಬೆಳಗ್ಗೆ ನಡೆಯುವವರ ಬಾಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಹೇಳುವವರ ಮುಖದಲ್ಲಿ ನೆಮ್ಮದಿ ಇರುತ್ತದೆ. ನನಗೆ ಆತಂಕವಾಗುತ್ತದೆ. ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125ರ ನಡುವೆ ಇರುವ ಆ ವರ್ಷಗಳೇ ತೂಕ ಇಳಿಸುವುದಕ್ಕೆ ಹದ. ಹದ ತಪ್ಪಿದ ಮೇಲೂ ಬಿತ್ತಬಹುದು, ಬೆಳೆ ಅಷ್ಟೇ ಬರುವುದಿಲ್ಲ.

ಭದ್ರಾವತಿಯಲ್ಲಿ ನನ್ನ ಸೋದರಮಾವ ಕುಲುಮೆಯ ಮುಂದೆ ಪಾಳಿ ಮಾಡಿದವರು. 1923ರಲ್ಲಿ ಕಬ್ಬಿಣ ತೆಗೆಯಲು ಶುರುಮಾಡಿದ ಆ ಕಾರ್ಖಾನೆಯ ಬೆಂಕಿಗೆ ಎಂಟು ಗಂಟೆ ಮೈಯೊಡ್ಡಿದವರಿಗೆ ಎರಡು ಮುದ್ದೆ, ಮೇಲೊಂದಿಷ್ಟು ಅನ್ನ ನ್ಯಾಯವಾದ ಊಟವೇ. ನಿವೃತ್ತಿಯಾದರು. ಬೆವರು ನಿಂತಿತು, ತಟ್ಟೆ ಹಾಗೇ ಉಳಿಯಿತು. ಅತ್ತೆ ಒಲೆಯಲ್ಲಿ ಮೊಳೆ ಕಾಯಿಸಿ ಅವರ ಬೆಲ್ಟಿನ ತುದಿಯತ್ತ ಹೊಸ ತೂತು ಕೊರೆಯುವುದನ್ನು ಕಣ್ಣಾರೆ ನೋಡಿದ್ದೇನೆ. ಸುಟ್ಟ ತೊಗಲಿನ ವಾಸನೆ ಅಡುಗೆಮನೆ ತುಂಬಿತ್ತು. ರಕ್ತ ಪರೀಕ್ಷೆಯಾದದ್ದು ಎಷ್ಟೋ ವರ್ಷಗಳ ನಂತರ, ಕಾಲಿನ ಗಾಯ ಮಾಯದಿದ್ದಾಗ. ಆಮೇಲೆ ಛಲ ಹಿಡಿದು ಹನ್ನೊಂದು ಕೆಜಿ ಇಳಿಸಿದರು. ಸಕ್ಕರೆ ತಗ್ಗಿತು, ಮಾತ್ರೆ ಮಾತ್ರ ಬಿಡಲಿಲ್ಲ. ಅವರ ಪ್ರಯತ್ನದಲ್ಲಿ ಕೊರತೆ ಇರಲಿಲ್ಲ, ಕಾಲ ಮೀರಿತ್ತು.

ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಬಾರ್ಡರ್‌ನಲ್ಲಿದ್ದವರ ಮೇಲೇ ನಡೆದದ್ದು. ಶೇ. 7ರಷ್ಟು ತೂಕ ಇಳಿಸಿ, ವಾರಕ್ಕೆ 150 ನಿಮಿಷ ನಡೆಯಬೇಕೆಂಬ ಗುರಿ. ಎಪ್ಪತ್ತು ಕೆಜಿಯವರಿಗೆ ಅದು ಐದೇ ಕೆಜಿ. ಅಷ್ಟಕ್ಕೇ ಸುಮಾರು ಮೂರು ವರ್ಷದಲ್ಲಿ ಕಾಯಿಲೆ ಹತ್ತುವ ಸಾಧ್ಯತೆ ಶೇ. 58ರಷ್ಟು ಇಳಿಯಿತು, ಮೆಟ್‌ಫಾರ್ಮಿನ್ ಮಾತ್ರೆಯಿಂದ ಇಳಿದದ್ದು ಶೇ. 31. ನಮ್ಮ ಮೈಕಟ್ಟಿಗೆ ಹತ್ತಿರದ್ದು 2006ರ ಚೆನ್ನೈ ಅಧ್ಯಯನ: ಅಲ್ಲಿ ತೂಕ ಹೆಚ್ಚೇನೂ ಇಳಿಯದಿದ್ದರೂ ಊಟ, ನಡಿಗೆ ಬದಲಿಸಿದ್ದರಿಂದಲೇ ಅಪಾಯ ಶೇ. 28.5ರಷ್ಟು ತಗ್ಗಿತು. ಹಾಗಾಗಿ ತಕ್ಕಡಿ ಕದಲಲಿಲ್ಲವೆಂದು ಕೈಬಿಡುವುದು ತಪ್ಪು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಿತೇ ಎಂದು ನೋಡಿಕೊಳ್ಳುವುದು ಮೇಲು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ನಮ್ಮಲ್ಲಿ ಬಹಳ.

ಕಾಯಿಲೆ ಬಂದ ಮೇಲೆ ಪ್ರಯೋಜನವಿಲ್ಲವೇ? ಇದೆ. ಬ್ರಿಟನ್ನಿನಲ್ಲಿ 2017ರ ಅಧ್ಯಯನದಲ್ಲಿ, ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮಾತ್ರೆ ಬಿಟ್ಟು ಸುಧಾರಿಸಿದರು. ಆದರೆ ಅವರೆಲ್ಲ ಕಾಯಿಲೆ ಪತ್ತೆಯಾಗಿ ಆರು ವರ್ಷ ದಾಟದವರು. ಇನ್ಸುಲಿನ್ ಸ್ರವಿಸುವ ಜೀವಕೋಶಗಳು ದೀರ್ಘಕಾಲ ಬಳಲಿದ ಮೇಲೆ ಸುಲಭವಾಗಿ ಚೇತರಿಸಿಕೊಳ್ಳುವುದಿಲ್ಲ.

ಇಂಥ ಹದ ಹೆಣ್ಣುಮಕ್ಕಳಿಗೆ ಇನ್ನೂ ಬೇಗ ಬರುತ್ತದೆ. ಬಸಿರಲ್ಲಿ ಕಾಣಿಸಿದ ಸಕ್ಕರೆ ಹೆರಿಗೆಯಾದ ಮೇಲೆ ಹೋಯಿತೆಂದು ಫೈಲು ಕಪಾಟು ಸೇರುತ್ತದೆ, ಬಾಣಂತನದ ತುಪ್ಪ ಮುಂದುವರಿಯುತ್ತದೆ. ಆಕೆಗೆ ಮೂರು ತಿಂಗಳೊಳಗೆ ಮತ್ತೆ ಪರೀಕ್ಷೆಯಾಗಬೇಕು. ಮಗುವನ್ನು ಅಜ್ಜಿಯ ಕೈಗಿತ್ತು ದಿನಕ್ಕೆ ಅರ್ಧ ಗಂಟೆ ನಡೆದು ಬರಲು ಮನೆಯವರೇ ಅವಳನ್ನು ಕಳಿಸಬೇಕು.