ಜೈಕಾರವಲ್ಲ, ಲೆಕ್ಕ ಬೇಕು



ಊರಿಗೆ ದೊಡ್ಡದೊಂದು ಯೋಜನೆ ಬರುತ್ತದೆಂಬ ಸುದ್ದಿ ಹಬ್ಬಿದೊಡನೆ ಊರು ಇಬ್ಭಾಗವಾಗುವುದನ್ನು ನೀವೆಲ್ಲರೂ ಕಂಡಿದ್ದೀರಿ. ಒಂದು ಪಕ್ಷಕ್ಕೆ ಅದು ಉದ್ಯೋಗ, ರಸ್ತೆ, ಪ್ರತಿಷ್ಠೆ. ಇನ್ನೊಂದು ಪಕ್ಷಕ್ಕೆ ಅದು ಧೂಳು, ಹೊಗೆ, ನೆಲೆ ತಪ್ಪುವ ಭಯ. ಪರವಾಗಿರುವವರು ತಮ್ಮನ್ನು ಮಾರಿಕೊಂಡವರೆಂದು ಒಬ್ಬರು ಜರೆಯುತ್ತಾರೆ; ವಿರೋಧಿಸುವವರು ಅಭಿವೃದ್ಧಿಯ ಶತ್ರುಗಳೆಂದು ಮತ್ತೊಬ್ಬರು ಮೂದಲಿಸುತ್ತಾರೆ. ಈ ಗದ್ದಲದ ನಡುವೆ ಪರಿಸರ ಪರಿಣಾಮದ ವರದಿಯೊಂದು ಅಧಿಕಾರಿಗಳ ಮೇಜಿನ ಮೇಲೆ ಬಂದು ಕುಳಿತಿರುತ್ತದೆ. ಹೊಗಳುವವರೂ ಅದನ್ನು ಓದಿರುವುದಿಲ್ಲ, ತೆಗಳುವವರೂ ಓದಿರುವುದಿಲ್ಲ.

ಅಂಥ ವರದಿಯೊಂದು ಅಂಗೀಕಾರಕ್ಕೆ ಬಂದಾಗ ಸಾರ್ವಜನಿಕರು ಅದಕ್ಕೆ ಬೆಂಬಲ ನೀಡಬಹುದೇ? ನೀಡುವುದಾದರೆ ಯಾವ ಕಾರಣಕ್ಕಾಗಿ ನೀಡಬೇಕು? ಉತ್ತರ ಹುಡುಕಲು ನಿಮ್ಮನ್ನು ದೂರದ ಒಂದು ನಗರಕ್ಕೆ ಕರೆದೊಯ್ಯುತ್ತೇನೆ. ಅಲ್ಲಿ ನಡೆದುದೆಲ್ಲವೂ ಮೊದಲಿನಿಂದ ಕೊನೆಯವರೆಗೆ ದಾಖಲೆಯಲ್ಲಿದೆ. ಆದ್ದರಿಂದ ಅಲ್ಲಿಂದ ಪಾಠ ಕಲಿಯುವುದು ಸುಲಭ.

ಓಕ್ಲೆಂಡಿನ ದಡದಲ್ಲಿ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಡದಲ್ಲಿ ಓಕ್ಲೆಂಡ್ ಎಂಬ ಬಂದರು ನಗರವಿದೆ. ನಮ್ಮಲ್ಲಿ ಕ್ರಿಕೆಟ್ ಹೇಗೋ ಅಲ್ಲಿ ಬೇಸ್‌ಬಾಲ್ ಹಾಗೆ. 1968ರಿಂದ ‘ಅಥ್ಲೆಟಿಕ್ಸ್’ ಎಂಬ ಬೇಸ್‌ಬಾಲ್ ತಂಡ ಆ ನಗರವನ್ನು ತನ್ನ ತವರು ಮಾಡಿಕೊಂಡಿತ್ತು. ಹಳೆಯ ಕ್ರೀಡಾಂಗಣ ಜೀರ್ಣವಾದಾಗ ತಂಡದ ಮಾಲೀಕರು ಬಂದರಿನ ಅಂಚಿನಲ್ಲಿರುವ ಹೊವಾರ್ಡ್ ಟರ್ಮಿನಲ್ ಎಂಬ ಸುಮಾರು 55 ಎಕರೆ ಜಾಗದ ಮೇಲೆ ಕಣ್ಣಿಟ್ಟರು. ನೀರಿನ ದಡದಲ್ಲೇ 35,000 ಜನ ಕೂರುವ ಕ್ರೀಡಾಂಗಣ, ಅದರ ಸುತ್ತ 3,000 ಮನೆಗಳು, ಕಚೇರಿಗಳು, ಹೋಟೆಲು, ಸುಮಾರು 18 ಎಕರೆ ಉದ್ಯಾನ. ಒಟ್ಟು ಯೋಜನೆಯ ಮೌಲ್ಯ 1,200 ಕೋಟಿ ಡಾಲರ್ ಎಂದು ಹೇಳಲಾಗಿತ್ತು.

ಆ ಜಾಗದ ಸ್ಥಿತಿ ಹೇಗಿತ್ತು? 2014ರಿಂದ ಅಲ್ಲಿ ಕಂಟೇನರ್ ಹಡಗುಗಳ ವಹಿವಾಟು ನಿಂತಿತ್ತು. ಖಾಲಿ ಕಂಟೇನರುಗಳನ್ನು ಇಡಲು, ಲಾರಿಗಳನ್ನು ನಿಲ್ಲಿಸಲು ಅದು ಬಳಕೆಯಾಗುತ್ತಿತ್ತು. ಹಿಂದಿನ ಕಾಲದ ಕೈಗಾರಿಕೆಗಳ ವಿಷವಸ್ತುಗಳು ಮಣ್ಣಿನಲ್ಲಿ ಉಳಿದಿದ್ದವು. ಅವು ಮೇಲೆ ಬಾರದಂತೆ ನೆಲಕ್ಕೆ ಡಾಂಬರಿನ ಹೊದಿಕೆ ಹಾಕಲಾಗಿತ್ತು. ಪಕ್ಕದಲ್ಲೇ ಸರಕು ರೈಲುಗಳು ರಸ್ತೆಯ ಮಟ್ಟದಲ್ಲೇ ಹಾದುಹೋಗುತ್ತವೆ. ಅದರಾಚೆಗೆ ವೆಸ್ಟ್ ಓಕ್ಲೆಂಡ್ ಎಂಬ ಬಡಾವಣೆ. ಬಂದರಿನ ಲಾರಿಗಳ ಹಾಗೂ ಹೆದ್ದಾರಿಗಳ ಡೀಸೆಲ್ ಹೊಗೆಯನ್ನು ದಶಕಗಳಿಂದ ಉಸಿರಾಡುತ್ತಾ, ಆಸ್ತಮಾದಿಂದ ನರಳುವ ಮಕ್ಕಳನ್ನು ಸಾಕುತ್ತಾ ಬಂದಿರುವ ಬಡವರ, ಕರಿಯ ಜನಾಂಗದವರ ಹಳೆಯ ವಸತಿ ಅದು.

ಯೋಜನೆಗೆ ಜನಬೆಂಬಲ ಕಡಿಮೆಯಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. 2019ರಲ್ಲಿ ನಗರದ ಬಾಸ್ಕೆಟ್‌ಬಾಲ್ ತಂಡ ಕೊಲ್ಲಿಯಾಚೆಯ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟುಹೋಗಿತ್ತು. 2020ರಲ್ಲಿ ಫುಟ್‌ಬಾಲ್ ತಂಡ ಲಾಸ್ ವೇಗಾಸಿಗೆ ತೆರಳಿತ್ತು. ಉಳಿದಿದ್ದುದು ಇದೊಂದೇ. ಇದೂ ಹೋದರೆ ಮನೆಯ ಕೊನೆಯ ಮಗುವೂ ಹೊರಟಂತೆ ಎಂಬ ಸಂಕಟ ಅಭಿಮಾನಿಗಳದ್ದು. ಕಟ್ಟಡ ಕಾರ್ಮಿಕರ ಸಂಘಗಳು ಕೆಲಸ ಸಿಗುತ್ತದೆಂದು ಬೆಂಬಲಿಸಿದವು. ಹಡಗುಕಟ್ಟೆಯ ಕಾರ್ಮಿಕರೂ ಲಾರಿಯವರೂ ಬಂದರಿನ ದುಡಿಮೆಗೆ ಧಕ್ಕೆಯಾಗುತ್ತದೆಂದು ವಿರೋಧಿಸಿದರು. ಗಮನಿಸಿ, ಎರಡೂ ಕಡೆ ಇದ್ದವರು ದುಡಿಯುವ ಕೈಗಳೇ. ಪರಿಸರ ಒಂದು ಕಡೆ, ಬಡವನ ಅನ್ನ ಇನ್ನೊಂದು ಕಡೆ ಎಂದು ನಮ್ಮ ಭಾಷಣಕಾರರು ಎಳೆಯುವ ಗೆರೆ ಅಲ್ಲಿ ಎಳೆಯಲು ಬರುವಂತಿರಲಿಲ್ಲ.

ಒಪ್ಪಿಗೆ ಯಾವುದಕ್ಕೆ?

ಕ್ಯಾಲಿಫೋರ್ನಿಯಾದಲ್ಲಿ 1970ರಿಂದ ಪರಿಸರ ಗುಣಮಟ್ಟದ ಕಾಯಿದೆಯೊಂದಿದೆ. ಇಂಥ ಯೋಜನೆಗೆ ಒಪ್ಪಿಗೆ ನೀಡುವ ಮುನ್ನ ಅದರಿಂದಾಗುವ ಹಾನಿಗಳನ್ನು ಸ್ಥಳೀಯ ಆಡಳಿತ ಲೆಕ್ಕ ಹಾಕಿ ಪ್ರಕಟಿಸಬೇಕು. ಬೇರೆ ಜಾಗದಲ್ಲಿ ಕಟ್ಟಿದರೆ ಏನಾಗುತ್ತದೆ, ಕಟ್ಟದೇ ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಕರಡು ವರದಿಯ ಮೇಲೆ ಯಾರೇ ಲಿಖಿತ ಆಕ್ಷೇಪ ಎತ್ತಿದರೂ ಅಂತಿಮ ವರದಿಯಲ್ಲಿ ಬರವಣಿಗೆಯಲ್ಲೇ ಉತ್ತರ ಕೊಡಬೇಕು. ಹಾನಿಯನ್ನು ತಗ್ಗಿಸುವ ಕ್ರಮಗಳನ್ನೂ ಅವು ಜಾರಿಯಾದುವೇ ಎಂದು ನೋಡುವ ವ್ಯವಸ್ಥೆಯನ್ನೂ ನಮೂದಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟು ಮಾಡಿದರೂ ತಪ್ಪಿಸಲಾಗದ ಹಾನಿ ಉಳಿದರೆ ಅದನ್ನು ಮುಚ್ಚಿಡುವಂತಿಲ್ಲ. ‘ಈ ಹಾನಿ ಉಳಿಯುತ್ತದೆ, ಆದರೂ ಇಂಥಿಂಥ ಕಾರಣಕ್ಕೆ ನಾವು ಮುಂದುವರಿಯುತ್ತೇವೆ’ ಎಂದು ಆಡಳಿತ ಲಿಖಿತವಾಗಿ ಒಪ್ಪಿಕೊಳ್ಳಬೇಕು.

ಪಾಪನಿವೇದನೆಯ ಪರಿಚಯವಿರುವ ನಮಗೆ ಇದರ ಬೆಲೆ ತಿಳಿಯದೇ? ಮಾಡುವ ತಪ್ಪನ್ನು ಹೆಸರಿಟ್ಟು ಹೇಳದವನು ಅದನ್ನು ತಿದ್ದಿಕೊಳ್ಳಲಾರ.

ಓಕ್ಲೆಂಡಿನಲ್ಲಿ ಈ ಕೆಲಸ 2018ರ ಕೊನೆಯಲ್ಲಿ ಆರಂಭವಾಯಿತು. ಕರಡು ವರದಿ 2021ರ ಫೆಬ್ರವರಿಯಲ್ಲಿ, ಅಂತಿಮ ವರದಿ ಅದೇ ವರ್ಷದ ಡಿಸೆಂಬರಿನಲ್ಲಿ ಹೊರಬಂದವು. ಹೆಚ್ಚುವ ವಾಯುಮಾಲಿನ್ಯ, ಶಬ್ದ, ರೈಲು ಹಳಿ ದಾಟುವ ಜನಸಂದಣಿಗೆ ಎದುರಾಗುವ ಅಪಾಯ, ಇವುಗಳಲ್ಲಿ ಸಂಪೂರ್ಣವಾಗಿ ತಪ್ಪಿಸಲಾಗದ ಭಾಗವಿದೆಯೆಂದು ವರದಿ ತಾನೇ ಹೇಳಿತು. 2022ರ ಫೆಬ್ರವರಿ 17ರಂದು ನಗರ ಮಂಡಳಿ 6–2 ಮತಗಳಿಂದ ವರದಿಯನ್ನು ಅಂಗೀಕರಿಸಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಅರಿತುಕೊಳ್ಳಿ. ಅಂದು ಅಂಗೀಕಾರವಾದುದು ಕ್ರೀಡಾಂಗಣವಲ್ಲ. ‘ಲೆಕ್ಕ ಪೂರ್ಣವಾಗಿದೆ, ಸತ್ಯ ಹೇಳಲಾಗಿದೆ’ ಎಂಬುದಷ್ಟೇ ಅಂದಿನ ತೀರ್ಪು. ಹಣಕಾಸಿನ ಒಪ್ಪಂದ, ಜಮೀನಿನ ಕರಾರು, ಮನೆಗಳ ಸಂಖ್ಯೆ ಮೊದಲಾದುವೆಲ್ಲ ಇನ್ನೂ ಬಾಕಿಯಿದ್ದವು. ಆದ್ದರಿಂದ ಯೋಜನೆಯನ್ನು ಮೆಚ್ಚದವನೂ ವರದಿಯ ಅಂಗೀಕಾರವನ್ನು ಬೆಂಬಲಿಸಬಹುದಾಗಿತ್ತು. ಯೋಜನೆಯನ್ನು ಮೆಚ್ಚಿದವನೂ ವರದಿ ಅರೆಬರೆಯಾಗಿದ್ದರೆ ಅದನ್ನು ತಿರಸ್ಕರಿಸಬೇಕಾಗಿತ್ತು. ಅಂದು ಬೆಂಬಲಕ್ಕೆ ನಿಂತವರ ನಿಲುವು ಸರಿಯಾಗಿಯೇ ಇತ್ತೆಂದು ನಾನು ಹೇಳುತ್ತೇನೆ. ಆದರೆ ಅವರಲ್ಲಿ ಬಹುಮಂದಿಯ ಕಾರಣ ದುರ್ಬಲವಾಗಿತ್ತು. ತಂಡ ಉಳಿಯಲಿ ಎಂಬುದೇ ಅವರ ಕಾರಣವಾಗಿತ್ತು. ಜೈಕಾರದಿಂದ ಮಣ್ಣಿನ ವಿಷ ಇಳಿಯುವುದಿಲ್ಲ, ಎದೆಯ ಉಬ್ಬಸ ನಿಲ್ಲುವುದಿಲ್ಲ.

ಎರಡು ಸುಳ್ಳು ಆರೋಪಗಳು

ಮುಂದಿನ ಕಥೆ ನಿಮಗೆ ಗೊತ್ತಿರಬಹುದು. ತಂಡ ಉಳಿಯಲಿಲ್ಲ. 2023ರ ಏಪ್ರಿಲಿನಲ್ಲಿ ಮಾಲೀಕರು ಲಾಸ್ ವೇಗಾಸಿನಲ್ಲಿ ಜಮೀನು ಗೊತ್ತುಮಾಡಿಕೊಂಡಿರುವುದಾಗಿ ಪ್ರಕಟಿಸಿದರು. ಆ ವರ್ಷದ ಜೂನಿನಲ್ಲಿ ನೆವಾಡಾ ರಾಜ್ಯ 38 ಕೋಟಿ ಡಾಲರುಗಳವರೆಗೆ ಸಾರ್ವಜನಿಕ ಹಣದ ನೆರವಿಗೆ ಕಾನೂನು ಮಾಡಿತು. ನವೆಂಬರಿನಲ್ಲಿ ಲೀಗಿನ ಇತರ ತಂಡಗಳ ಮಾಲೀಕರು ಸ್ಥಳಾಂತರಕ್ಕೆ ಸರ್ವಾನುಮತದಿಂದ ಸಮ್ಮತಿಸಿದರು. 2024ರ ಸೆಪ್ಟೆಂಬರ್ 26ರಂದು ಓಕ್ಲೆಂಡಿನ ಹಳೆಯ ಕ್ರೀಡಾಂಗಣದಲ್ಲಿ ತಂಡ ತನ್ನ ಕೊನೆಯ ಪಂದ್ಯವಾಡಿ ಹೊರಟುಹೋಯಿತು.

ಇದನ್ನು ಕಂಡ ಕೆಲವರು ಬೆರಳು ತೋರಿಸುವುದು ಯಾರ ಕಡೆಗೆ? ‘ಪರಿಸರದ ಪರಿಶೀಲನೆಯೆಂದು ವರ್ಷಗಟ್ಟಲೆ ಎಳೆದರೆ ಬಂಡವಾಳ ಓಡಿಹೋಗದೆ ಮತ್ತೇನಾಗುತ್ತದೆ?’ ಎನ್ನುತ್ತಾರೆ. ಈ ಮಾತು ನಮ್ಮ ನಾಡಿನಲ್ಲೂ ದಿನನಿತ್ಯ ಕೇಳಿಬರುವಂಥದು. ಆದ್ದರಿಂದ ದಿನಾಂಕಗಳನ್ನು ಸಾವಧಾನವಾಗಿ ನೋಡೋಣ. ಈ ಯೋಜನೆಯ ಮೇಲಿನ ವ್ಯಾಜ್ಯಗಳು ಸಾಧ್ಯವಾದಷ್ಟೂ 270 ದಿನಗಳೊಳಗೆ ಮುಗಿಯಲೆಂದು ರಾಜ್ಯ 2018ರಲ್ಲೇ ವಿಶೇಷ ಕಾನೂನು ಮಾಡಿತ್ತು. ಅದಕ್ಕೆ ಪ್ರತಿಯಾಗಿ ಹಸಿರುಮನೆ ಅನಿಲಗಳು ಒಟ್ಟಾರೆ ಹೆಚ್ಚಬಾರದೆಂಬ ಷರತ್ತನ್ನೂ ವಿಧಿಸಿತ್ತು. ನಗರ ಮಂಡಳಿ ವರದಿಯನ್ನು ಅಂಗೀಕರಿಸಿತು. 2022ರ ಜೂನ್ 30ರಂದು ಕೊಲ್ಲಿಯ ಸಂರಕ್ಷಣೆಗಾಗಿ ಇರುವ ಆಯೋಗ ಆ ಜಾಗವನ್ನು ಬಂದರಿನ ಬಳಕೆಗೇ ಕಾದಿರಿಸಬೇಕಾಗಿಲ್ಲವೆಂದು 23–2 ಮತಗಳಿಂದ ತೀರ್ಮಾನಿಸಿತು. ವಿರೋಧಿಗಳು ಹೂಡಿದ ಮೊಕದ್ದಮೆಯಲ್ಲಿ 2022ರ ಸೆಪ್ಟೆಂಬರಿನಲ್ಲಿ ಕೆಳ ನ್ಯಾಯಾಲಯ ವರದಿಯನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. 2023ರ ಮಾರ್ಚ್ 30ರಂದು ಮೇಲ್ಮನವಿ ನ್ಯಾಯಾಲಯವೂ ಆ ತೀರ್ಪನ್ನು ಖಾಯಂಗೊಳಿಸಿತು. ಮಾಲೀಕರು ಲಾಸ್ ವೇಗಾಸಿನ ಸುದ್ದಿ ಹೊರಹಾಕಿದ್ದು ಅದಾದ ಮೂರೇ ವಾರಗಳಲ್ಲಿ. ಪರಿಸರದ ಬಾಗಿಲು ತೆರೆದ ಮೇಲೆ ಅವರು ಹೊರನಡೆದರು. ಅವರ ನಡಿಗೆಗೆ ಹಣದ ಲೆಕ್ಕಾಚಾರ ಕಾರಣವಾಗಿರಬಹುದು, ಪರಿಸರದ ವರದಿಯಂತೂ ಅಡ್ಡ ನಿಂತಿರಲಿಲ್ಲ. ಗಾಡಿ ಹಿಂತಿರುಗಿದ್ದಕ್ಕೆ ತೆರೆದ ಬಾಗಿಲನ್ನು ದೂರುವುದು ಯಾವ ನ್ಯಾಯ?

ಇನ್ನೊಂದು ಆರೋಪ ಪರಿಸರಪ್ರಿಯರ ಕಡೆಯಿಂದಲೇ ಬರುತ್ತದೆ. ‘ಇವೆಲ್ಲ ಕಾಗದದ ನಾಟಕ, ಕಟ್ಟಬೇಕೆಂದು ಮೊದಲೇ ನಿರ್ಧರಿಸಿ ಆಮೇಲೆ ವರದಿ ಬರೆಯುತ್ತಾರೆ’ ಎಂಬುದು ಅವರ ಬೇಸರ. ಎಷ್ಟೋ ಕಡೆ ಅದು ನಿಜವೂ ಹೌದು. ಆದರೆ ಓಕ್ಲೆಂಡಿನಲ್ಲಿ ಆ ಕಾಗದ ಮಾತನಾಡಿತು. ಹಳಿಗಳ ಉದ್ದಕ್ಕೂ ಬೇಲಿ, ನಡೆಯುವವರಿಗೂ ಸೈಕಲ್ ಸವಾರರಿಗೂ ಮೇಲ್ಸೇತುವೆ ಎಂಬ ಕ್ರಮಗಳು ಅದರಲ್ಲಿ ಬಂದವು. ಎತ್ತರದ ಕಟ್ಟಡಗಳಿಂದ ಹೆಚ್ಚಾಗುವ ಗಾಳಿಯ ರಭಸಕ್ಕೆ ವರದಿ ಸೂಚಿಸಿದ್ದ ಪರಿಹಾರ ಸಾಲದೆಂದು ಕೆಳ ನ್ಯಾಯಾಲಯ ಹೇಳಿ, ಆ ಒಂದು ಭಾಗವನ್ನು ಸರಿಪಡಿಸಬೇಕೆಂದಿತು. ಸಾವಿರಾರು ಪುಟಗಳ ವರದಿಯಲ್ಲಿ ಗಾಳಿಯ ಲೆಕ್ಕ ತಪ್ಪಿದೆಯೆಂದು ನ್ಯಾಯಾಧೀಶರು ಕೈಯಿಟ್ಟು ತೋರಿಸಬಲ್ಲವರಾದರೆ, ಅಂಥ ವರದಿಯನ್ನು ನಾಟಕವೆಂದು ತಳ್ಳಿಹಾಕಲಾಗದು. ವಿರೋಧಿಗಳು ಮೊಕದ್ದಮೆ ಹೂಡಲು ಹಿಡಿಕೆಯಾದದ್ದೂ ಅದೇ ಕಾಗದ. ಕಾಗದವೇ ಇಲ್ಲದ ಕಡೆ ಬಡವನ ಕೈಗೆ ಯಾವ ಹಿಡಿಕೆ ಇರುತ್ತದೆ?

ಆದರೂ ಕಹಿ ಸತ್ಯವೊಂದಿದೆ. ಯೋಜನೆಗೆ ಕಟ್ಟಿದ ವಾಗ್ದಾನಗಳು ಯೋಜನೆಯೊಂದಿಗೇ ಬಿದ್ದುಹೋಗುತ್ತವೆ. ಸ್ವಚ್ಛಗೊಳ್ಳಬೇಕಾಗಿದ್ದ ಮಣ್ಣು, ಮೇಲ್ಸೇತುವೆ, ಉದ್ಯಾನ, ಬಡವರಿಗೆ ಕೈಗೆಟಕುವ ದರದ ಮನೆಗಳು ಎಲ್ಲವೂ ತಂಡದ ಬಾಲಕ್ಕೆ ಕಟ್ಟಿದ ಗಂಟಾಗಿದ್ದವು. ತಂಡ ಹೊರಟಾಗ ಗಂಟೂ ಹೊರಟಿತು. ವೆಸ್ಟ್ ಓಕ್ಲೆಂಡಿನ ಮಕ್ಕಳ ಉಸಿರು ಆಟದ ತಂಡವೊಂದರ ಲಾಭನಷ್ಟಕ್ಕೆ ಕಾಯಬೇಕಾದ ವಿಷಯವೇ ಅಲ್ಲ. ಆ ಜನರು ತಂಡದ ಮಾತೆತ್ತದೆ, ವಾಯುಗುಣಮಟ್ಟದ ಆಡಳಿತದೊಡನೆ ಕೂಡಿ 2019ರಲ್ಲೇ ತಮ್ಮ ಬಡಾವಣೆಯ ಹೊಗೆ ತಗ್ಗಿಸುವ ಕಾರ್ಯಯೋಜನೆಯೊಂದನ್ನು ಸಿದ್ಧಪಡಿಸಿದ್ದರು. ಜಾಣತನವೆಂದರೆ ಅದು.

ನಮ್ಮ ಮನೆಯಂಗಳದಲ್ಲಿ

ಇಷ್ಟು ದೂರ ಹೋಗಿ ಬಂದದ್ದು ನಮ್ಮ ಮನೆಯನ್ನು ನೋಡಿಕೊಳ್ಳುವುದಕ್ಕಾಗಿ. ನಮ್ಮ ದೇಶದಲ್ಲಿಯೂ 2006ರ ಸೆಪ್ಟೆಂಬರ್ 14ರ ಅಧಿಸೂಚನೆಯಂತೆ ಅನೇಕ ಬಗೆಯ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಆದರೆ ಆ ಅಧಿಸೂಚನೆ ಕಟ್ಟಡ ನಿರ್ಮಾಣ ಹಾಗೂ ಪ್ರದೇಶಾಭಿವೃದ್ಧಿಯ ಯೋಜನೆಗಳನ್ನು ಸಾರ್ವಜನಿಕ ಸಮಾಲೋಚನೆಯಿಂದ ಹೊರಗಿಟ್ಟಿತು. ಓಕ್ಲೆಂಡಿನಂಥ ಕ್ರೀಡಾಂಗಣವನ್ನು ನಮ್ಮಲ್ಲಿ ಕಟ್ಟಲು ಹೊರಟರೆ ನೆರೆಹೊರೆಯವರ ಮಾತನ್ನು ಕೇಳಲೇಬೇಕೆಂಬ ಕಟ್ಟುಪಾಡನ್ನು ಅದು ಇಡಲಿಲ್ಲ. ಅಲ್ಲಿಯವರಿಗೆ ಬೆಂಬಲಿಸಲೂ ವಿರೋಧಿಸಲೂ ಒಂದು ವೇದಿಕೆಯಾದರೂ ಇತ್ತು. ‘ಪರಿಶೀಲನೆ ಹೆಚ್ಚಾಯಿತು’ ಎಂದು ಕೊರಗುವವರು ಇದಕ್ಕೇನು ಹೇಳುತ್ತಾರೆ?

2015ರಲ್ಲಿ ‘ಲೌದಾತೋ ಸಿ’ ಪರಿಪತ್ರವನ್ನು ಹೊರಡಿಸಿದಾಗ ಪೋಪ್ ಫ್ರಾನ್ಸಿಸರು ಈ ವಿಷಯವನ್ನೇ ಎತ್ತಿಕೊಂಡಿದ್ದರು. ಪರಿಸರದ ಪರಿಶೀಲನೆ ವ್ಯವಹಾರ ಕುದುರಿದ ಮೇಲೆ ಬರುವ ಬಾಲಂಗೋಚಿಯಾಗದೆ ಮೊದಲಿನಿಂದಲೇ ಜೊತೆಗಿರಬೇಕು, ಅದು ಪಾರದರ್ಶಕವಾಗಿರಬೇಕು, ಸ್ಥಳೀಯ ನಿವಾಸಿಗಳಿಗೆ ಆ ಚರ್ಚೆಯಲ್ಲಿ ವಿಶೇಷ ಸ್ಥಾನವಿರಬೇಕು ಎಂಬುದು ಅವರ ಬೋಧನೆಯ ಸಾರ. ಸ್ಥಾನ ಕೊಡುವುದು ಆಳುವವರ ಹೊಣೆ. ಆ ಸ್ಥಾನದಲ್ಲಿ ಎಚ್ಚರದಿಂದ ಕೂರುವುದು ನಮ್ಮ ಹೊಣೆ.

ಆದುದರಿಂದ ಪ್ರಿಯ ಬಂಧುಗಳೇ, ನಿಮ್ಮ ಧರ್ಮಕೇಂದ್ರದ ಸುತ್ತಮುತ್ತ ಅಂಥ ಅಹವಾಲು ಸಭೆ ನಡೆಯುವುದಾದರೆ ತಪ್ಪದೆ ಹೋಗಿ. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ದೊರೆಯಬೇಕೆಂದು, ಸಭೆಗೆ ಕನಿಷ್ಠ 30 ದಿನ ಮುಂಚಿತವಾಗಿ ಸೂಚನೆ ನೀಡಬೇಕೆಂದು ಆ ಅಧಿಸೂಚನೆಯಲ್ಲಿದೆ. ಕನ್ನಡದ ಪ್ರತಿಯನ್ನು ಕೇಳಿ ಪಡೆಯಿರಿ. ಓದಲು ಬರುವ ಮಕ್ಕಳಿಂದ ಮನೆಯಲ್ಲಿ ಗಟ್ಟಿಯಾಗಿ ಓದಿಸಿ. ಆಮೇಲೆ ಮೂರು ಪ್ರಶ್ನೆ ಕೇಳಿ: ಯಾವ ಹಾನಿಯನ್ನು ನೀವು ತಪ್ಪಿಸಲಾರಿರಿ? ಅದನ್ನು ಹೊರುವವರು ಯಾರು? ಯೋಜನೆ ಅರ್ಧಕ್ಕೆ ನಿಂತರೆ ನಿಮ್ಮ ವಾಗ್ದಾನಗಳ ಗತಿಯೇನು? ಇವಕ್ಕೆ ನೇರವಾದ ಉತ್ತರ ವರದಿಯಲ್ಲಿದ್ದರೆ ಅದರ ಅಂಗೀಕಾರವನ್ನು ಧೈರ್ಯದಿಂದ ಬೆಂಬಲಿಸಿ, ಅದರಲ್ಲಿ ನಾಚಿಕೆಯಿಲ್ಲ. ಇಲ್ಲದಿದ್ದರೆ ಎಷ್ಟೇ ಒಳ್ಳೆಯ ಯೋಜನೆಯಾದರೂ ‘ಮೊದಲು ಲೆಕ್ಕ ಪೂರ್ತಿ ಮಾಡಿ’ ಎನ್ನಿ.

ಕೊನೆಯದಾಗಿ ಒಂದು ಮಾತು. ಸಭೆಯ ನಡಾವಳಿಯನ್ನು ಅಂದೇ, ಅಲ್ಲೇ, ನೆರೆದವರ ಭಾಷೆಯಲ್ಲಿ ಓದಿ ಹೇಳಬೇಕೆಂದೂ ನಿಯಮವಿದೆ. ಭಾಷಣ ಮುಗಿದೊಡನೆ ಚಪ್ಪಾಳೆ ತಟ್ಟಿ, ಇಲ್ಲವೇ ಘೋಷಣೆ ಕೂಗಿ ಎದ್ದುಬಿಡಬೇಡಿ. ನೀವು ಆಡಿದ ಮಾತು ಕಾಗದಕ್ಕೆ ಇಳಿದಿದೆಯೇ ಎಂದು ಕೇಳಿಸಿಕೊಂಡೇ ಮನೆಗೆ ಹೊರಡಿ.