ಆ್ಯಪ್ ಇಳಿಸಿಕೊಂಡರೆ ಸಾಕೇ?

ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ನಾನು ಅಕೌಂಟೆನ್ಸಿಯಲ್ಲಿ ಫೇಲಾದೆ. ಅಂದಿನಿಂದ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಪುಸ್ತಕ ತೆರೆದರೆ ಎದೆ ಹೊಡೆದುಕೊಳ್ಳುತ್ತಿತ್ತು. ಇದಕ್ಕೆ ನಮ್ಮ ಅಮ್ಮಿ ‘ಘಬ್ರಾಹಟ್’ ಎನ್ನುತ್ತಾರೆ. ಯಾರಿಗೂ ಹೇಳದೆ ಒಂದೇ ರಾತ್ರಿ ಮಾನಸಿಕ ಆರೋಗ್ಯದ ಮೂರು ಆ್ಯಪ್ ಇಳಿಸಿಕೊಂಡೆ. ಹತ್ತು ದಿನಗಳಲ್ಲಿ ಮೂರನ್ನೂ ಅಳಿಸಿದೆ.

ಒಂದು ಆ್ಯಪ್ ಪೂರ್ತಿ ಇಂಗ್ಲಿಷಿನಲ್ಲಿತ್ತು. ‘ಈಗ ನಿಮಗೆ ಹೇಗೆ ಅನಿಸುತ್ತಿದೆ, ಆರಿಸಿ’ ಎಂದು ಪದಗಳ ದೊಡ್ಡ ಪಟ್ಟಿ ಕೊಟ್ಟಿತು. ಘಬ್ರಾಹಟ್‌ಗೆ ಯಾವುದನ್ನು ಒತ್ತಬೇಕೋ ತಿಳಿಯಲಿಲ್ಲ. ಇನ್ನೊಂದು ಏಳು ದಿನ ಉಚಿತವಾಗಿದ್ದು ಎಂಟನೇ ದಿನ ದುಡ್ಡು ಕೇಳಿತು. ಮೂರನೆಯದು ಚೆನ್ನಾಗಿಯೇ ಇತ್ತು. ಆದರೆ ಆ ಮೊಬೈಲ್ ನನ್ನೊಬ್ಬಳದಲ್ಲ, ಮನೆಮಂದಿಯದು. ‘ಇವತ್ತೂ ಬೇಸರವಾಗಿದೆಯೇ?’ ಎಂಬ ನೋಟಿಫಿಕೇಶನ್ ತಮ್ಮನ ಕಣ್ಣಿಗೆ ಬಿತ್ತು. ಊಟದ ಹೊತ್ತಿಗೆ ಎಲ್ಲರೆದುರು ಗಟ್ಟಿಯಾಗಿ ಓದಿ ನಕ್ಕ.

ಇದು ನನ್ನೊಬ್ಬಳ ಕತೆಯಲ್ಲ. ಇಂಥ 93 ಆ್ಯಪ್‌ಗಳ ಬಳಕೆಯನ್ನು ನೋಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಗಿದೆ. ಅದರ ಪ್ರಕಾರ ಇಳಿಸಿಕೊಂಡ ನೂರು ಜನರಲ್ಲಿ ತಿಂಗಳ ಕೊನೆಗೆ ಬಳಸುತ್ತಿದ್ದವರು ಸಾಮಾನ್ಯವಾಗಿ ಮೂರ್ನಾಲ್ಕು ಮಂದಿ ಮಾತ್ರ. ಒಂದು ಅಂಗಡಿಗೆ ಬಂದವರಲ್ಲಿ ಇಷ್ಟೊಂದು ಜನ ಮತ್ತೆ ಕಾಲಿಡದಿದ್ದರೆ ‘ಗ್ರಾಹಕರಿಗೆ ಶಿಸ್ತಿಲ್ಲ’ ಎಂದು ನಾವು ವಾಣಿಜ್ಯದ ವಿದ್ಯಾರ್ಥಿಗಳು ಬರೆಯುತ್ತೇವೆಯೇ? ಆ್ಯಪ್ ಬಿಟ್ಟವರನ್ನು ಸೋಮಾರಿ ಎನ್ನುವುದೂ ಹಾಗೆಯೇ ತಪ್ಪು. ನನ್ನ ಅಭಿಪ್ರಾಯದಲ್ಲಿ ಕೊರತೆ ಇರುವುದು ಆ್ಯಪ್‌ಗಳದ್ದಲ್ಲ, ಜೊತೆಗೆ ಕುಳಿತು ಆರಿಸಿಕೊಡುವವರದ್ದು.

ನನ್ನ ಪಾಲಿಗೆ ಬಿ.ಕಾಂ. ಓದುತ್ತಿರುವ ಆಪಾ ಕುಳಿತರು. “ಒಂದು ದುಪಟ್ಟಾ ತಗೊಳ್ಳೋಕೆ ನಾಲ್ಕು ಅಂಗಡಿ ಸುತ್ತುತ್ತೀಯ, ಇದನ್ನು ಮಾತ್ರ ಕಣ್ಣುಮುಚ್ಚಿ ತಗೊಂಡೆಯಾ?” ಎಂದರು. ಇಬ್ಬರೂ ಸೇರಿ ಪ್ರತಿ ಆ್ಯಪ್‌ಗೂ ಐದು ಪ್ರಶ್ನೆ ಹಾಕಿದೆವು. ಮಾಡಿದವರು ಯಾರು, ಅವರಲ್ಲಿ ವೈದ್ಯರು ಇದ್ದಾರೆಯೇ? ನನಗೆ ಅರ್ಥವಾಗುವ ಭಾಷೆ ಇದೆಯೇ? ನನ್ನ ವಯಸ್ಸಿನವರು ಬಳಸಬಹುದೇ? ದುಡ್ಡು ಯಾವಾಗ ಕೇಳುತ್ತದೆ? ನಾನು ಹೇಳಿಕೊಂಡದ್ದು ಎಲ್ಲಿಗೆ ಹೋಗುತ್ತದೆ?

ಕೊನೆಯ ಪ್ರಶ್ನೆ ಸಣ್ಣದಲ್ಲ. ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್‌ ಮುಂತಾದ ಕಂಪನಿಗಳಿಗೆ ಕೊಟ್ಟ ಆರೋಪದ ಮೇಲೆ ಅಮೆರಿಕದ ‘ಬೆಟರ್‌ಹೆಲ್ಪ್’ 2023ರಲ್ಲಿ 78 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು.

ಕೊನೆಗೆ ಒಂದೇ ಒಂದು ಆ್ಯಪ್ ಉಳಿಸಿಕೊಂಡೆ. ನೋಟಿಫಿಕೇಶನ್ ಬಂದ್ ಮಾಡಿದೆ. ಇಶಾ ನಮಾಝ್ ಆದ ಮೇಲೆ ಐದು ನಿಮಿಷ ಉಸಿರಾಟದ ಅಭ್ಯಾಸ. ನೆನಪಿಸಲು ಅಝಾನ್ ಇದ್ದೇ ಇದೆ. ಭಾನುವಾರ ಆಪಾ “ಉಪಯೋಗ ಆಯ್ತಾ?” ಎಂದು ಕೇಳುತ್ತಾರೆ. ಎರಡು ತಿಂಗಳಾಯಿತು, ಬಿಟ್ಟಿಲ್ಲ. ಎಲ್ಲ ಸರಿಹೋಯಿತು ಎನ್ನಲಾರೆ, ಆದರೆ ನಿದ್ದೆ ಬರುತ್ತಿದೆ.

ಆ್ಯಪ್ ವೈದ್ಯರಲ್ಲ. ಸಂಕಟ ಹೆಚ್ಚಾದರೆ, ಬದುಕೇ ಬೇಡ ಎನಿಸಿದರೆ, ಆ್ಯಪ್ ತೆರೆಯುತ್ತಾ ಕೂರಬಾರದು. ಮನೆಯವರಿಗೆ ಹೇಳಬೇಕು, 14416ಕ್ಕೆ ಕರೆ ಮಾಡಬೇಕು. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಎಲ್ಲರಿಗೂ ಆಪಾ ಇರುವುದಿಲ್ಲ. ಆದ್ದರಿಂದ ಪ್ರಾಂಶುಪಾಲರಲ್ಲಿ ಒಂದು ವಿನಂತಿ. ಸ್ಕಾಲರ್‌ಶಿಪ್ ಅರ್ಜಿ ತುಂಬಲು ನಮ್ಮ ಉಪನ್ಯಾಸಕರು ಪಕ್ಕದಲ್ಲಿ ಕುಳಿತು ಸಹಾಯ ಮಾಡುತ್ತಾರೆ. ಶನಿವಾರ ತರಗತಿ ಮುಗಿದ ಮೇಲೆ ಇದಕ್ಕೂ ಅರ್ಧ ಗಂಟೆ ಕೊಡಿ. ಕನ್ನಡ, ಉರ್ದು ಎರಡೂ ಬಲ್ಲ ಒಬ್ಬ ಮೇಡಂ, ಒಬ್ಬ ಸರ್ ಇರಲಿ. ಹೆಸರು ಬರೆಸಿಕೊಳ್ಳುವುದು ಬೇಡ. ಒಂದು ತಿಂಗಳ ನಂತರ “ಉಪಯೋಗ ಆಯ್ತಾ?” ಎಂದು ಮತ್ತೊಮ್ಮೆ ಕೇಳಿದರೆ ಸಾಕು.

ಸ್ನೇಹಿತರೇ, ಗೆಳತಿಯ ಮೊಬೈಲಿನಲ್ಲಿ ಇಂಥ ನೋಟಿಫಿಕೇಶನ್ ಕಂಡರೆ ದಯವಿಟ್ಟು ಗಟ್ಟಿಯಾಗಿ ಓದಬೇಡಿ. ನನ್ನ ತಮ್ಮನಿಗೂ ಈ ಲೇಖನ ಕೊಡುವವಳಿದ್ದೇನೆ.

— ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ